ಹವ್ಯಾಸಿ ಪತ್ರಕರ್ತರ ಬರಹ: ಬರೆಸುವವರೂ ಬರೆಯುವವರೂ ಅರಿಯಬೇಕಾದ ಲೆಕ್ಕ

ಪತ್ರಿಕಾ ಕಚೇರಿಯ ನೌಕರಿಯನ್ನು ಬಿಟ್ಟು ಸ್ವತಂತ್ರವಾಗಿ ಬರೆದು ಬದುಕುವವರನ್ನು ಕನ್ನಡದಲ್ಲಿ ಬಹುಕಾಲದಿಂದ 'ಹವ್ಯಾಸಿ ಪತ್ರಕರ್ತರು' ಎಂದು ಕರೆಯುತ್ತ ಬರಲಾಗಿದೆ. ಸೌಜನ್ಯದಿಂದ ಹುಟ್ಟಿದ ಪದವಿರಬಹುದು. ಆದರೆ ಲೆಕ್ಕಪತ್ರದ ದೃಷ್ಟಿಯಿಂದ ಇಷ್ಟೊಂದು ಹಾನಿ ಮಾಡಿದ ಪದ ವಿರಳ. ಹವ್ಯಾಸವೆಂದೊಡನೆ ಸಂಭಾವನೆಯನ್ನು ಕೇಳುವವನಿಗೆ ಸಂಕೋಚ, ಕೊಡುವವನಿಗೆ ತಾನೇನೋ ಔದಾರ್ಯ ತೋರಿದ ಭಾವನೆ. ಕರಾರುಪತ್ರವಿಲ್ಲ, ಬಿಲ್ಲಿಲ್ಲ, ಗಡುವಿಲ್ಲ. ಆದಾಯ ತೆರಿಗೆಯ ಕಾನೂನಾಗಲಿ ಕೃತಿಸ್ವಾಮ್ಯದ ಕಾನೂನಾಗಲಿ ಈ ಸಂಕೋಚವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಿಯತವಾಗಿ ಬರೆದು ಹಣ ಪಡೆಯುವವನು ಅವುಗಳ ದೃಷ್ಟಿಯಲ್ಲಿ ಸೇವೆಯನ್ನು ಮಾರುವ ಒಬ್ಬ ಉದ್ಯಮಿ. ಬರೆಸುವ ವ್ಯಾಪಾರಸ್ಥನು ಆ ಸೇವೆಯ ಗ್ರಾಹಕ. ಇಬ್ಬರಿಗೂ ಹಕ್ಕುಗಳಿವೆ, ಇಬ್ಬರಿಗೂ ಹೊಣೆಗಳಿವೆ.

ವಾಣಿಜ್ಯ ಸಂಸ್ಥೆಯ ಸದಸ್ಯರಿಗೆ ಈ ವಿಷಯವೇಕೆ ಎಂಬ ಪ್ರಶ್ನೆ ಸಹಜವಾದುದು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯು ರಾಜ್ಯದಲ್ಲಿ ತಯಾರಾಗಿ ಮಾರಾಟವಾಗುವ ಕೈಗಾರಿಕಾ ಹಾಗೂ ಗ್ರಾಹಕ ಉತ್ಪನ್ನಗಳ ಮೇಲೆ ಉತ್ಪನ್ನದ ಹೆಸರು ಮತ್ತು ಬಳಕೆಯ ಸೂಚನೆಗಳು ಇತರ ಭಾಷೆಗಳೊಂದಿಗೆ ಕನ್ನಡದಲ್ಲಿಯೂ ಇರತಕ್ಕದ್ದೆಂದು ವಿಧಿಸಿದೆ. 2024ರ ತಿದ್ದುಪಡಿಯಿಂದ ಅಂಗಡಿ ಮುಂಗಟ್ಟುಗಳ ನಾಮಫಲಕಗಳಲ್ಲಿ ಶೇ. 60ರಷ್ಟು ಭಾಗ ಕನ್ನಡಕ್ಕೆ ಮೀಸಲಾಯಿತು. 2025ರ ಫೆಬ್ರುವರಿಯಲ್ಲಿ ಸರ್ಕಾರವು ಉತ್ಪನ್ನಗಳ ಕುರಿತ ನಿಯಮವನ್ನು ಮತ್ತೊಮ್ಮೆ ನೆನಪಿಸಿ ಸುತ್ತೋಲೆ ಹೊರಡಿಸಿತು. ನಾಮಫಲಕವನ್ನು ಪೇಂಟರನು ಬರೆದಾನು. ಆದರೆ ಎಣ್ಣೆಗಾಣದ, ಬಿತ್ತುವ ಕೂರಿಗೆಯ, ಮೆಣಸಿನಕಾಯಿ ಪುಡಿಯ ಪೊಟ್ಟಣದ ಬಳಕೆಯ ಸೂಚನೆಯನ್ನು ಬರೆಯುವವರು ಯಾರು?

ಗದಗ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ವಿಶೇಷ ಅರ್ಥವಿದೆ. ಗದಗ ಪಟ್ಟಣವು ಮುದ್ರಣಕ್ಕೆ ಹೆಸರಾದುದು. ವಿಜಯ ಸಂಕೇಶ್ವರ ಅವರ ಮನೆತನವು ಇಲ್ಲಿ ಮುದ್ರಣ ಮತ್ತು ಪುಸ್ತಕ ಪ್ರಕಾಶನದ ಉದ್ಯೋಗವನ್ನು ನಡೆಸುತ್ತಿತ್ತು. 1976ರಲ್ಲಿ ಒಂದು ಲಾರಿಯಿಂದ ಸಾರಿಗೆ ಉದ್ಯಮವನ್ನು ಆರಂಭಿಸಿದ ಅವರು ಮುಂದೆ ದಿನಪತ್ರಿಕೆಗಳನ್ನೂ ಕಟ್ಟಿದರು. ಲಕ್ಷ್ಮೇಶ್ವರವಾದರೋ ಹಿಂದಿನ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಎಂದು ಗುರುತಿಸಿದ ನಾಲ್ಕು ಸ್ಥಳಗಳಲ್ಲಿ ಪುಲಿಗೆರೆಯೂ ಒಂದು. ಅಂಥ ನೆಲದಲ್ಲಿ ತಯಾರಾದ ಕೂರಿಗೆಯ ಸೂಚನಾಪತ್ರದಲ್ಲಿ 'ಬಿತ್ತನೆಯ ಪೂರ್ವದಲ್ಲಿ ಮಾಪನ ಯಂತ್ರಾಂಗವನ್ನು ಅಂಶಶೋಧನೆಗೊಳಪಡಿಸತಕ್ಕದ್ದು' ಎಂಬ ವಾಕ್ಯ ಅಚ್ಚಾದರೆ ಕಾನೂನಿನ ಅಕ್ಷರವೇನೋ ಪಾಲನೆಯಾಗುತ್ತದೆ. ರೈತನಿಗೆ ಮಾತ್ರ ಏನೂ ತಿಳಿಯುವುದಿಲ್ಲ. 'ಬಿತ್ತುವ ಮೊದಲು ಎಕರೆಗೆ ಎಷ್ಟು ಕಿಲೋ ಬೀಜ ಬೀಳುತ್ತದೆಂದು ಒಮ್ಮೆ ಅಳೆದು ನೋಡಿಕೊಳ್ಳಿರಿ' ಎಂದು ಬರೆಯಲು ಯಂತ್ರವನ್ನೂ ಹೊಲವನ್ನೂ ಕಂಡವನು ಬೇಕು.

ತಾಲ್ಲೂಕು ಮಟ್ಟದಲ್ಲಿ ಹತ್ತಾರು ವರ್ಷ ವರದಿಗಾರಿಕೆ ಮಾಡಿದವನು ಇಂಥವನು. ಮಾರುಕಟ್ಟೆ ಪ್ರಾಂಗಣದ ಧಾರಣೆ, ಕೆರೆಯ ಹೂಳು, ಬ್ಯಾಂಕಿನ ಸಾಲಮೇಳ, ಹತ್ತಿಯ ಕಾಯಿಕೊರಕ, ಜಾತ್ರೆ, ನ್ಯಾಯಾಲಯ ಇವೆಲ್ಲವನ್ನೂ ಅವನು ಬರೆದಿರುತ್ತಾನೆ. ಯಾವುದರಲ್ಲಿಯೂ ಪರಿಣತನಲ್ಲ, ಆದರೆ ಪ್ರತಿಯೊಂದರ ಪರಿಣತನನ್ನು ಹುಡುಕಿ, ಕೇಳಿ, ಸಾಮಾನ್ಯ ಓದುಗನಿಗೆ ತಿಳಿಯುವಂತೆ ಹೇಳುವುದರಲ್ಲಿ ಪಳಗಿದವನು. ಸಣ್ಣ ತಯಾರಕನಿಗೆ ಬೇಕಾದ ಗುಣವೂ ಇದೇ.

ಕನ್ನಡದಲ್ಲಿ ಇದಕ್ಕೆ ಮೇಲ್ಪಂಕ್ತಿಗಳಿವೆ. ಪ್ರಜಾವಾಣಿಯಲ್ಲಿ ಸಹಾಯಕ ಸಂಪಾದಕರಾಗಿದ್ದ ನಾಗೇಶ ಹೆಗಡೆಯವರು ನೌಕರಿಯಿಂದ ಹೊರಬಂದ ನಂತರವೂ ವಿಜ್ಞಾನ, ಪರಿಸರ, ಕೃಷಿಗಳನ್ನು ಕುರಿತು ಅಂಕಣ ಹಾಗೂ ಪುಸ್ತಕಗಳನ್ನು ಬರೆಯುತ್ತ ಬಂದರು. ಕಾಸರಗೋಡು ಜಿಲ್ಲೆಯ ಶ್ರೀಪಡ್ರೆಯವರು ದಿನಪತ್ರಿಕೆಯ ನೌಕರಿಯಿಂದ ಬಂದವರಲ್ಲ, ಕೃಷಿಕರು; ಆದರೆ ವ್ಯಾಪಾರಸ್ಥರು ಗಮನಿಸಬೇಕಾದ ಉದಾಹರಣೆ ಅವರದೇ. 1988ರಲ್ಲಿ ಪುತ್ತೂರಿನಿಂದ ಹೊರಡಲಾರಂಭಿಸಿದ 'ಅಡಿಕೆ ಪತ್ರಿಕೆ'ಯು ರೈತನೇ ಬರೆಯಬೇಕೆಂಬ ಧೋರಣೆಯಿಂದ ಬೆಳೆಯಿತು. ಮಳೆನೀರಿನ ಕೊಯ್ಲು, ಅಡಿಕೆಯ ಯಂತ್ರಗಳು, ಹಲಸಿನ ಮೌಲ್ಯವರ್ಧನೆ ಮುಂತಾದ ನಿತ್ಯೋಪಯೋಗಿ ವಿಷಯಗಳೇ ಅದರ ಸರಕು. ಹಿತ್ತಲಲ್ಲಿ ಕೊಳೆತುಹೋಗುತ್ತಿದ್ದ ಹಲಸು ಪೊಟ್ಟಣದಲ್ಲಿ ಮಾರಾಟವಾಗುವ ಸರಕಾದುದರ ಹಿಂದೆ ಇಂಥ ಬರಹಗಳ ಪಾತ್ರ ಸಣ್ಣದಲ್ಲ. ಯಾರು, ಎಲ್ಲಿ, ಯಾವ ಯಂತ್ರದಿಂದ, ಎಷ್ಟು ಖರ್ಚಿನಲ್ಲಿ ಮಾಡುತ್ತಿದ್ದಾರೆಂಬುದನ್ನು ಹೇಳುವ ಬರಹವು ಖರೀದಿದಾರನನ್ನೂ ತಯಾರಕನನ್ನೂ ಒಂದೆಡೆ ತರುತ್ತದೆ. ಜಾಹೀರಾತಿಗೆ ಸಾಧ್ಯವಾಗದ ಕೆಲಸವಿದು.

ದಿನದ ದರವೆಷ್ಟು?

ವಿವರಣೆಗಾಗಿ ಲಕ್ಷ್ಮೇಶ್ವರ ತಾಲ್ಲೂಕಿನ ಅಡರಕಟ್ಟಿಯಲ್ಲಿ ನೆಲೆಸಿರುವ 'ಕ' ಎಂಬ ಮಾಜಿ ವರದಿಗಾರನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ನೌಕರಿಯಲ್ಲಿದ್ದಾಗ ತಿಂಗಳಿಗೆ ರೂ. 30,000 ಸಂಬಳ. ಅದರ ಮೇಲೆ ಭವಿಷ್ಯನಿಧಿಗೆ ಮಾಲೀಕರ ವಂತಿಗೆ, ಪ್ರವಾಸದ ಖರ್ಚು, ರಜೆ. ಇತರ ನೌಕರರಿಗೆ ಸಾಮಾನ್ಯವಾಗಿ 5 ವರ್ಷಗಳ ಸೇವೆಯ ನಂತರ ಬರುವ ಗ್ರ್ಯಾಚುಯಿಟಿಯ ಹಕ್ಕು ಕಾರ್ಯನಿರತ ಪತ್ರಕರ್ತರಿಗೆ 3 ವರ್ಷಗಳಿಗೇ ಬರುತ್ತದೆ. ನೌಕರಿ ಬಿಟ್ಟ ದಿನ ಇವೆಲ್ಲವೂ ನಿಂತವು. ಈಗ ಅವನು ಹಿಂದಿನ ಸಂಬಳದಷ್ಟನ್ನಾದರೂ, ಅಂದರೆ ವರ್ಷಕ್ಕೆ ರೂ. 3,60,000 ಉಳಿಸಿಕೊಳ್ಳಬೇಕು. ಮೊಬೈಲ್, ಅಂತರ್ಜಾಲ, ಬೈಕಿನ ಪೆಟ್ರೋಲು, ಗಣಕಯಂತ್ರದ ಸವಕಳಿ, ಪತ್ರಿಕೆ ಪುಸ್ತಕಗಳು ಇವುಗಳಿಗೆ ತಿಂಗಳಿಗೆ ರೂ. 7,000ದಂತೆ ವರ್ಷಕ್ಕೆ ರೂ. 84,000. ಒಟ್ಟು ಬರಬೇಕಾದುದು ರೂ. 4,44,000.

ಇದನ್ನು ಎಷ್ಟು ದಿನಗಳಿಗೆ ಹಂಚಬೇಕು? ಇಲ್ಲಿಯೇ ಹೆಚ್ಚಿನವರು ಎಡವುವುದು. 365 ದಿನಗಳಲ್ಲಿ ಭಾನುವಾರ 52, ಹಬ್ಬ ಹುಣ್ಣಿಮೆ ಕಾಯಿಲೆಗೆ 13 ಕಳೆದರೆ ಉಳಿಯುವುದು 300. ಆದರೆ ಕೆಲಸ ಹುಡುಕುವ, ಹೊಸ ವಿಷಯವನ್ನು ಓದಿಕೊಳ್ಳುವ, ಒಪ್ಪಿಗೆಗಾಗಿ ಕಾಯುವ, ಬಾಕಿ ವಸೂಲಿಗೆ ತಿರುಗುವ ದಿನಗಳಿಗೆ ಯಾರೂ ಹಣ ಕೊಡುವುದಿಲ್ಲ. ಅವು 180 ದಿನಗಳೆಂದು ಹಿಡಿದರೆ ಹಣ ಹುಟ್ಟುವ ದಿನಗಳು 120 ಮಾತ್ರ. ರೂ. 4,44,000ವನ್ನು 120ರಿಂದ ಭಾಗಿಸಿದರೆ ದಿನಕ್ಕೆ ರೂ. 3,700. ಕೂರಿಗೆಯ ನಾಲ್ಕು ಪುಟಗಳ ಸೂಚನಾ ಪುಸ್ತಿಕೆಗೆ ಕಾರ್ಖಾನೆಯಲ್ಲಿ ಒಂದು ದಿನ, ಅದನ್ನು ಬಳಸುತ್ತಿರುವ ರೈತರೊಂದಿಗೆ ಒಂದು ದಿನ, ಬರೆಯಲು ಒಂದು ದಿನ, ತಿದ್ದಿ ಕರಡು ನೋಡಲು ಒಂದು ದಿನ, ಹೀಗೆ ರೂ. 14,800.

'ನಾಲ್ಕು ಪುಟಕ್ಕೆ ಇಷ್ಟೊಂದೇ?' ಎಂದು ಕೇಳುವ ತಯಾರಕನು ತನ್ನ ಲೇತ್ ಯಂತ್ರದ ಗಂಟೆಯ ದರವನ್ನು ನಿರ್ಧರಿಸುವಾಗ ಯಂತ್ರವು ಖಾಲಿ ನಿಂತ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯುತ್ತಾನೆ. ಇಲ್ಲಿಯೂ ಅದೇ ಸೂತ್ರ. ಪುಟವನ್ನು ಅಳೆದು ಹಣ ಕೊಟ್ಟರೆ ಪುಟಗಳು ಹೆಚ್ಚುತ್ತವೆ. ರೈತರೊಂದಿಗೆ ಕಳೆಯಬೇಕಾದ ದಿನವು ಮಾಯವಾಗುತ್ತದೆ.

ಹಣ ಕೊಟ್ಟರೂ ಬರಹ ಯಾರದು?

ವ್ಯಾಪಾರಸ್ಥರಲ್ಲಿ ಬಲವಾಗಿ ಬೇರೂರಿದ ಒಂದು ನಂಬಿಕೆಯೆಂದರೆ, ಹಣ ಕೊಟ್ಟು ಬರೆಸಿದ ಮೇಲೆ ಬರಹ ತಮ್ಮದೇ ಎಂಬುದು. 1957ರ ಕೃತಿಸ್ವಾಮ್ಯ ಕಾಯ್ದೆಯು ಹಾಗೆ ಹೇಳುವುದಿಲ್ಲ. ಅದರ 17ನೆಯ ವಿಭಾಗದ ಪ್ರಕಾರ ಕೃತಿಯ ಮೊದಲ ಒಡೆಯನು ಅದರ ಕರ್ತೃವೇ. ಇದಕ್ಕೆ ಅಪವಾದಗಳಿವೆ. ಸೇವಾ ಕರಾರಿನ ಮೇಲೆ ದುಡಿಯುವ ನೌಕರನು ಆ ಕೆಲಸದ ಅಂಗವಾಗಿ ಬರೆದುದು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನದು. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರವು ತೆಗೆಸಿದವನದು. ಹಣ ಕೊಟ್ಟು ಹೊರಗಿನವನಿಂದ ಬರೆಸಿದ ಗದ್ಯಕ್ಕೆ ಮಾತ್ರ ಇಂಥ ಅಪವಾದವಿಲ್ಲ. ಒಂದೇ ಪುಸ್ತಿಕೆಯಲ್ಲಿ ಯಂತ್ರದ ಚಿತ್ರವು ತಯಾರಕನದು, ಚಿತ್ರದ ಕೆಳಗಿನ ಮಾತು ಲೇಖಕನದು ಎಂಬ ವಿಚಿತ್ರ ಸ್ಥಿತಿ ಇದರಿಂದ ಉಂಟಾಗಬಹುದು.

ಪರಿಹಾರ ಸರಳ: ಲಿಖಿತ ಹಕ್ಕು ವರ್ಗಾವಣೆ. 19ನೆಯ ವಿಭಾಗದಂತೆ ಅದು ಬರವಣಿಗೆಯಲ್ಲಿರಬೇಕು, ವರ್ಗಾಯಿಸುವವನ ಸಹಿಯಿರಬೇಕು, ಯಾವ ಕೃತಿ, ಯಾವ ಹಕ್ಕುಗಳು, ಎಷ್ಟು ಅವಧಿ, ಯಾವ ಪ್ರದೇಶ, ಎಷ್ಟು ಪ್ರತಿಫಲ ಎಂಬುದನ್ನು ಹೇಳಬೇಕು. ಅವಧಿಯನ್ನು ಬರೆಯದಿದ್ದರೆ ಐದೇ ವರ್ಷಗಳೆಂದು ಕಾನೂನು ಭಾವಿಸುತ್ತದೆ. ಪ್ರದೇಶವನ್ನು ಬರೆಯದಿದ್ದರೆ ಭಾರತದೊಳಗೆ ಮಾತ್ರ. ವರ್ಗಾವಣೆ ಪಡೆದವನು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಪತ್ರದಲ್ಲಿ ಬೇರೆ ರೀತಿ ಹೇಳಿರದ ಪಕ್ಷದಲ್ಲಿ, ಆ ಹಕ್ಕಿನ ವರ್ಗಾವಣೆಯೇ ರದ್ದಾಗುತ್ತದೆ. ಬರೆಸಿ, ಹಣ ಕೊಟ್ಟು, ಮುಂದಿನ ಹಂಗಾಮಿಗೆ ನೋಡೋಣವೆಂದು ಕಪಾಟಿನಲ್ಲಿ ಇಟ್ಟವರು ಈ ಅಂಶವನ್ನು ಗಮನಿಸತಕ್ಕದ್ದು. ಒಂದು ಪುಟದ ಪತ್ರ ಸಾಕು. ಬಿಲ್ಲಿನ ಹಿಂಬದಿಯ ಸಣ್ಣ ಅಕ್ಷರಗಳ ಷರತ್ತನ್ನು ನಂಬುವುದು ಸರಿಯಲ್ಲ.

ಇಷ್ಟಾದರೂ 57ನೆಯ ವಿಭಾಗದ ವಿಶೇಷ ಹಕ್ಕು ಲೇಖಕನಲ್ಲಿಯೇ ಉಳಿಯುತ್ತದೆ. ತಾನೇ ಕರ್ತೃವೆಂದು ಹೇಳಿಕೊಳ್ಳುವ, ತನ್ನ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ತಿರುಚುವುದನ್ನು ವಿರೋಧಿಸುವ ಹಕ್ಕು ಅದು. 'ಒಂದು ಗಂಟೆಗೆ ಒಂದು ಎಕರೆ' ಎಂದು ಬರೆದುದನ್ನು ಲೇಖಕನ ಹೆಸರಿನ ಕೆಳಗೆ 'ಮೂರು ಎಕರೆ' ಎಂದು ತಿದ್ದಿಸುವ ತಯಾರಕನು ಗ್ರಾಹಕನಿಗಷ್ಟೇ ಅಲ್ಲ, ಲೇಖಕನಿಗೂ ಉತ್ತರ ಹೇಳಬೇಕಾದೀತು.

ಲೇಖಕನ ಕಡೆಯಿಂದಲೂ ಒಂದು ಮಾತಿದೆ. ವರದಿಗಾರನಾಗಿದ್ದಾಗ ಬರೆದ ಹಳೆಯ ವರದಿಗಳು ಸಂಪೂರ್ಣವಾಗಿ ಪತ್ರಿಕೆಯವೇ ಎಂದು ಅನೇಕರು ಭಾವಿಸಿರುತ್ತಾರೆ. ಅದೇ 17ನೆಯ ವಿಭಾಗದ ಪ್ರಕಾರ, ವಿರುದ್ಧವಾದ ಒಪ್ಪಂದವಿಲ್ಲದಿದ್ದರೆ, ಪತ್ರಿಕೆಯ ಮಾಲೀಕನ ಒಡೆತನವು ಪತ್ರಿಕೆ ಹಾಗೂ ನಿಯತಕಾಲಿಕಗಳಲ್ಲಿನ ಪ್ರಕಟಣೆಗೆ ಸೀಮಿತವಾದುದು; ಉಳಿದ ವಿಷಯಗಳಲ್ಲಿ ವರದಿಗಾರನೇ ಮೊದಲ ಒಡೆಯ. ಹಳೆಯ ವರದಿಗಳನ್ನು ಆಯ್ದು ಪುಸ್ತಕ ಮಾಡುವ ಆಸೆಯುಳ್ಳವನು ಮೊದಲು ತನ್ನ ನೇಮಕಾತಿ ಪತ್ರವನ್ನು ಹುಡುಕಿ ಓದಬೇಕು. ಅದರಲ್ಲಿ ಎಲ್ಲ ಹಕ್ಕುಗಳೂ ಸಂಸ್ಥೆಯವೆಂದು ಬರೆದಿದ್ದರೆ ಅಲ್ಲಿಗೆ ಮುಗಿಯಿತು.

ತೆರಿಗೆಯ ಕಡೆ

1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನದಲ್ಲಿ 2025ರ ಕಾಯ್ದೆಯು 1-4-2026ರಿಂದ ಆರಂಭವಾಗುವ ತೆರಿಗೆ ವರ್ಷಗಳಿಗೆ ಅನ್ವಯಿಸುತ್ತದೆ. ವಿಭಾಗಗಳ ಸಂಖ್ಯೆಗಳು ಬದಲಾಗಿವೆ. ವ್ಯಾಪಾರಸ್ಥರ ಬಾಯಲ್ಲಿರುವ ಹಳೆಯ ಸಂಖ್ಯೆಗಳನ್ನೇ ಇಲ್ಲಿ ಬಳಸಲಾಗಿದೆ.

ವೃತ್ತಿಪರರು ತಮ್ಮ ಒಟ್ಟು ಜಮೆಯ ಅರ್ಧವನ್ನು ಲಾಭವೆಂದು ತೋರಿಸಿ ಲೆಕ್ಕಪತ್ರದ ತೊಂದರೆಯಿಂದ ಪಾರಾಗುವ 44ಎಡಿಎ ಸೌಲಭ್ಯವು ಸ್ವತಂತ್ರ ಲೇಖಕರಿಗೂ ಉಂಟೆಂದು ಅನೇಕರು ನಂಬಿದ್ದಾರೆ. ಕಾನೂನಿನ ಪಟ್ಟಿಯಲ್ಲಿರುವುದು ಕಾನೂನು, ವೈದ್ಯಕೀಯ, ಎಂಜಿನಿಯರಿಂಗ್, ವಾಸ್ತುಶಿಲ್ಪ, ಲೆಕ್ಕಪರಿಶೋಧನೆ, ತಾಂತ್ರಿಕ ಸಲಹೆ, ಒಳಾಂಗಣ ಅಲಂಕಾರ ಮತ್ತು ಅಧಿಸೂಚನೆಯ ಮೂಲಕ ಸೇರಿದ ಕೆಲವು ವೃತ್ತಿಗಳು. ಚಲನಚಿತ್ರದ ಕಥೆ, ಸಂಭಾಷಣೆ ಬರೆಯುವವರು ಚಿತ್ರ ಕಲಾವಿದರ ವ್ಯಾಖ್ಯೆಯೊಳಗೆ ಬರುತ್ತಾರೆ. ಪತ್ರಿಕಾ ಲೇಖಕನ ಹೆಸರು ಅಲ್ಲಿಲ್ಲ. ಆದುದರಿಂದ 'ಕ'ನು ಜಮಾ ಖರ್ಚಿನ ಕೀರ್ದಿಯನ್ನು ಇಡುವುದೇ ಕ್ಷೇಮ. ಪೆಟ್ರೋಲಿನ ಚೀಟಿ ಸಹ ಅದಕ್ಕೆ ಆಧಾರ. ಪುಸ್ತಕದ ಗೌರವಧನಕ್ಕೆ ದೊರೆಯುತ್ತಿದ್ದ 80ಕ್ಯುಕ್ಯುಬಿ ವಿನಾಯಿತಿಯೂ ಪತ್ರಿಕಾ ಲೇಖನಗಳಿಗೆ, ಕರಪತ್ರಗಳಿಗೆ, ಮಾರ್ಗದರ್ಶಿಗಳಿಗೆ ಇಲ್ಲ. ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವವರಿಗಂತೂ ಪುಸ್ತಕಗಳಿಗೂ ಇಲ್ಲ.

ಬರೆಸುವವನಿಗೆ ಮುಖ್ಯವಾದುದು ಮೂಲದಲ್ಲಿ ತೆರಿಗೆ ಕಡಿತ. ವ್ಯಕ್ತಿ ಅಥವಾ ಅವಿಭಕ್ತ ಕುಟುಂಬದ ಹೆಸರಿನಲ್ಲಿರುವ ವ್ಯಾಪಾರಕ್ಕೆ ಹಿಂದಿನ ವರ್ಷದ ವಹಿವಾಟು ರೂ. 1 ಕೋಟಿ ಮೀರದಿದ್ದರೆ ಈ ಹೊಣೆಯೇ ಇಲ್ಲ. ಮೀರಿದವರು, ಹಾಗೆಯೇ ಪಾಲುದಾರಿಕೆ ಸಂಸ್ಥೆಗಳು ಮತ್ತು ಕಂಪನಿಗಳು, ಪಾವತಿಯ ಸ್ವರೂಪವನ್ನು ನೋಡಬೇಕು. ಕೃತಿಸ್ವಾಮ್ಯವನ್ನು ವರ್ಗಾಯಿಸಿಕೊಂಡು ಕೊಡುವ ಹಣವು 'ರಾಯಲ್ಟಿ' ಎಂಬ ವ್ಯಾಖ್ಯೆಗೆ ಬರುವುದರಿಂದ 194ಜೆ ಪ್ರಕಾರ ಶೇ. 10ರ ಕಡಿತ, 1-4-2025ರಿಂದ ಇದರ ಮಿತಿ ವರ್ಷಕ್ಕೆ ರೂ. 50,000. ಜಾಹೀರಾತಿನ ಬರಹವು ಅದೇ ವಿಭಾಗದ ವೃತ್ತಿಪರ ಸೇವೆಯೊಳಗೆ ಹೆಸರಿಸಲ್ಪಟ್ಟಿದೆ. ಇವೆರಡೂ ಅಲ್ಲದ ಬರವಣಿಗೆ ಕೆಲಸದ ವಿಷಯದಲ್ಲಿ ಅಭಿಪ್ರಾಯಭೇದವುಂಟು. ಹೆಚ್ಚಿನ ಗುಮಾಸ್ತರು ಸಂಶಯ ಬಂದರೆ ಶೇ. 10 ಕತ್ತರಿಸಿಬಿಡುತ್ತಾರೆ. ಕತ್ತರಿಸುವವನಿಗೆ ಇದು ಸುರಕ್ಷಿತ. ಆದರೆ 'ಕ'ನ ಎಲ್ಲ ಗ್ರಾಹಕರೂ ಹೀಗೆಯೇ ಮಾಡಿದರೆ ವರ್ಷಕ್ಕೆ ರೂ. 44,400, ಅಂದರೆ ಅವನ ಒಂದೂವರೆ ತಿಂಗಳ ಸಂಪಾದನೆ, ತೆರಿಗೆಯೇ ಬಾರದ ಆದಾಯದ ಮೇಲೆ ಸರ್ಕಾರದಲ್ಲಿ ಕುಳಿತುಕೊಳ್ಳುತ್ತದೆ. ಅದನ್ನು ಮರಳಿ ಪಡೆಯಲು ಅವನು ವಿವರಪಟ್ಟಿ ಸಲ್ಲಿಸಲೇಬೇಕು. ಕತ್ತರಿಸಿದವನು ಆ ಹಣವನ್ನು ಸಕಾಲದಲ್ಲಿ ಕಟ್ಟಿ, ಅದು ಲೇಖಕನ ಪ್ಯಾನ್ ಸಂಖ್ಯೆಗೆ ಜಮೆಯಾಗುವಂತೆ ನೋಡಿಕೊಳ್ಳುವುದು ಕನಿಷ್ಠ ಕರ್ತವ್ಯ.

ಮೇಲಿನ ಉದಾಹರಣೆಯ ರೂ. 14,800ರ ಪುಸ್ತಿಕೆಗೆ, ವರ್ಷದಲ್ಲಿ ಅದೊಂದೇ ಕೆಲಸವಾದರೆ, ಮಿತಿಯ ಕೆಳಗಿರುವುದರಿಂದ ಕಡಿತವೇ ಬೇಕಿಲ್ಲ. ಜಿಎಸ್‌ಟಿ ಬಿಲ್ಲನ್ನೇ ಕೊಡಬೇಕೆಂದು ಒತ್ತಾಯಿಸುವುದೂ ಸರಿಯಲ್ಲ. ಸೇವೆಯ ವಹಿವಾಟು ವರ್ಷಕ್ಕೆ ರೂ. 20 ಲಕ್ಷ ಮೀರುವವರೆಗೆ ಅವನು ನೋಂದಣಿ ಮಾಡಿಸಬೇಕಿಲ್ಲ, ನೋಂದಣಿಯಿಲ್ಲದವನು ಆ ತೆರಿಗೆಯನ್ನು ವಸೂಲು ಮಾಡುವಂತೆಯೂ ಇಲ್ಲ.

ಉದ್ರಿಯ ಪ್ರಶ್ನೆ

'ಮುಂದಿನ ಸಂತೆಗೆ ಬಾ' ಎಂಬ ಮಾತು ಈ ಭಾಗದ ವ್ಯಾಪಾರದಲ್ಲಿ ಹೊಸದಲ್ಲ. ಆದರೆ ಲೇಖಕನು ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದರೆ ಆ ಮಾತು ದುಬಾರಿಯಾದೀತು. ದೇಶದ ಉದ್ಯಮ ವರ್ಗೀಕರಣದಲ್ಲಿ ಸ್ವತಂತ್ರ ಲೇಖಕರ ಹಾಗೂ ಪತ್ರಕರ್ತರ ಚಟುವಟಿಕೆಗೂ ಸ್ಥಾನವಿದೆ. 'ಕ'ನಂಥವನು ಸೇವೆ ಒದಗಿಸುವ ಸೂಕ್ಷ್ಮ ಉದ್ಯಮಿಯಾಗುತ್ತಾನೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ 15ನೆಯ ವಿಭಾಗದಂತೆ ಅವನಿಗೆ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಲೆಕ್ಕದ ಚಕ್ರಬಡ್ಡಿ. ಆ ಬಡ್ಡಿಯನ್ನು ಆದಾಯದಿಂದ ಕಳೆಯಲೂ ಬರುವುದಿಲ್ಲ. ಇದಲ್ಲದೆ 2024-25ರ ತೆರಿಗೆ ನಿರ್ಧಾರಣಾ ವರ್ಷದಿಂದ ಜಾರಿಗೆ ಬಂದ 43ಬಿ(ಎಚ್) ನಿಯಮದಂತೆ, ಗಡುವು ಮೀರಿ ವರ್ಷಾಂತ್ಯಕ್ಕೆ ಬಾಕಿ ಉಳಿದ ಮೊತ್ತವು ಆ ವರ್ಷದ ಖರ್ಚೆಂದು ಪರಿಗಣಿತವಾಗುವುದಿಲ್ಲ. ಹಣ ಕೊಟ್ಟ ವರ್ಷದಲ್ಲಿ ಮಾತ್ರ ಅದಕ್ಕೆ ಮನ್ನಣೆ.

ಈ ನಿಯಮವು ಹತ್ತಿ, ಶೇಂಗಾ ಖರೀದಿಗೆ ಸಂಬಂಧಿಸಿದಂತೆ ವ್ಯಾಪಾರಿ ವಲಯದಲ್ಲಿ ಚರ್ಚೆಯಾದಷ್ಟು ಸೇವೆಗಳಿಗೆ ಸಂಬಂಧಿಸಿದಂತೆ ಆಗಿಲ್ಲ. ಮಾರ್ಚ್ ತಿಂಗಳಲ್ಲಿ ಬಾಕಿದಾರರ ಪಟ್ಟಿ ಮಾಡುವಾಗ ಸಾಮಾನ್ಯವಾಗಿ ಸರಕು ಪೂರೈಸಿದವರ ಹೆಸರುಗಳನ್ನಷ್ಟೇ ನೋಡಲಾಗುತ್ತದೆ. ಬರೆದವನು, ಚಿತ್ರ ತೆಗೆದವನು, ಅಚ್ಚು ಹಾಕಿದವನು ಸಹ ಅದೇ ಪಟ್ಟಿಗೆ ಸೇರಬೇಕು.

ಕೊನೆಯದಾಗಿ ಒಂದು ಸೂಕ್ಷ್ಮ ವಿಷಯ. ಮಾಜಿ ವರದಿಗಾರನಿಗೆ ಪತ್ರಿಕೆಗಳಲ್ಲಿ ಹಳೆಯ ಪರಿಚಯವಿರುವುದರಿಂದ 'ನಮ್ಮ ಮಾಲಿನ ಬಗ್ಗೆ ನಿಮ್ಮ ಹೆಸರಿನಲ್ಲಿಯೇ ಒಂದು ಲೇಖನ ಬರಲಿ, ಖರ್ಚು ನಮ್ಮದು' ಎಂದು ಕೇಳುವವರಿದ್ದಾರೆ. ಸುದ್ದಿಯ ವೇಷದಲ್ಲಿ ಜಾಹೀರಾತನ್ನು ಕೊಡುವುದು ಭಾರತೀಯ ಪತ್ರಿಕಾ ಮಂಡಳಿಯ ನೀತಿಗೆ ವಿರುದ್ಧ. 2022ರ ಜೂನ್‌ನಲ್ಲಿ ಹೊರಬಂದ, ದಾರಿ ತಪ್ಪಿಸುವ ಜಾಹೀರಾತುಗಳ ನಿಯಂತ್ರಣದ ಮಾರ್ಗಸೂಚಿಗಳು ಶಿಫಾರಸು ಮಾಡುವವನಿಗೂ ತಯಾರಕನಿಗೂ ಇರುವ ಹಣದ ಸಂಬಂಧವನ್ನು ಬಹಿರಂಗಪಡಿಸಬೇಕೆಂದು ಹೇಳುತ್ತವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಪ್ರಾಧಿಕಾರವು ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ ರೂ. 10 ಲಕ್ಷದವರೆಗೆ, ಮರುಕಳಿಸಿದರೆ ರೂ. 50 ಲಕ್ಷದವರೆಗೆ ದಂಡ ವಿಧಿಸಬಲ್ಲುದು. ವಾರ್ಷಿಕ ವಹಿವಾಟೇ ಅಷ್ಟಿರದ ಸಣ್ಣ ತಯಾರಕರು ಈ ಸಂಖ್ಯೆಗಳನ್ನು ಎರಡು ಸಲ ಓದಬೇಕು. ಅಂಥ ಬರಹ ಬೇಕೆನಿಸಿದರೆ ಪತ್ರಿಕೆಯ ಜಾಹೀರಾತು ದರವನ್ನು ತುಂಬಿ, ಮೇಲ್ಭಾಗದಲ್ಲಿ 'ಜಾಹೀರಾತು' ಎಂದು ಅಚ್ಚು ಹಾಕಿಸಿ, ಲೇಖಕನಿಂದ 'ಜಾಹೀರಾತು ಬರಹದ ಸಂಭಾವನೆ' ಎಂದು ನಮೂದಿಸಿದ ಪ್ರತ್ಯೇಕ ಬಿಲ್ಲನ್ನು ಪಡೆಯತಕ್ಕದ್ದು. ಸೂಚನಾ ಪುಸ್ತಿಕೆಯ ಬಿಲ್ಲಿನೊಂದಿಗೆ ಅದನ್ನು ಬೆರೆಸಬಾರದು.